"ಒಂದು ಚಲೋ ಸಿನಿಮಾ ಇದ್ರ ಹೇಳ್ರಿ" ಅಂದವರಿಗೆ ಏನು ಹೇಳಬೇಕು

ಹತ್ತು ಹೆಸರಿನ ಪಟ್ಟಿ ಕಳಿಸಿದರೆ ಅವರು ಒಂದನ್ನೂ ನೋಡುವುದಿಲ್ಲ. ಪಟ್ಟಿ ವಾಟ್ಸಾಪಿನಲ್ಲಿ ಮೇಲೆ ಸರಿದು ಹೋಗುತ್ತದೆ. ರಾತ್ರಿ ಊಟ ಮುಗಿಸಿ ರಿಮೋಟ್ ಹಿಡಿದವರು ಹಳೆಯ ಹಾಸ್ಯ ದೃಶ್ಯಗಳಿಗೇ ಮರಳುತ್ತಾರೆ. ಸಿನಿಮಾ ಸೂಚಿಸುವುದೆಂದರೆ ಒಬ್ಬರಿಗೆ, ಒಂದು ಸಂಜೆಗೆ, ಒಂದೇ ಹೆಸರು ಹೇಳುವುದು. ಅದು ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿನದು, ಎಲ್ಲಿ ಬೇಸರ ಬರಬಹುದು ಎಂಬುದನ್ನೂ ಸೇರಿಸಿ ಹೇಳುವುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಗೆಳೆಯರಿಗೆ, ಮನೆಯವರಿಗೆ, ಶಾಲೆ ಮಕ್ಕಳಿಗೆ ಸಿನಿಮಾ ಹೇಳುವವರಿಗೆಂದು ಈ ಬರಹ.

ಮೊದಲು ಕೇಳಬೇಕಾದ್ದು

"ನಿಮಗ ಎಂಥಾ ಸಿನಿಮಾ ಸೇರ್ತದ?" ಎಂದು ಕೇಳಿದರೆ "ಚಲೋ ಇದ್ರ ಸಾಕು" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಮೂರು.

1. ಫೋನ್ ಮುಟ್ಟದೆ ಕೊನೆತನಕ ನೋಡಿದ್ದು ಇತ್ತೀಚೆಗೆ ಯಾವ ಸಿನಿಮಾ?
2. ಜೊತೆಗೆ ಯಾರು ಕೂಡುತ್ತಾರೆ?
3. ಎಷ್ಟು ತಾಸು ಬಿಡುವಿದೆ?

ಮೊದಲನೆಯದರಿಂದ ಅವರು ಯಾವ ವೇಗ ತಾಳುತ್ತಾರೆಂದು ಗೊತ್ತಾಗುತ್ತದೆ. ಸೂಚಿಸುವ ಚಿತ್ರ ಅದಕ್ಕಿಂತ ಒಂದು ಮೆಟ್ಟಿಲು ಮಾತ್ರ ನಿಧಾನವಿರಲಿ. ಮರಾಠಿಯ 'ಸೈರಾಟ್' ನೋಡಿ ಮೆಚ್ಚಿದವರಿಗೆ ಅದೇ ನಾಗರಾಜ ಮಂಜುಳೆಯ 'ಫ್ಯಾಂಡ್ರಿ' (2013) ಹೇಳಬಹುದು. ಅಲ್ಲಿಂದ ಚೈತನ್ಯ ತಮ್ಹಾಣೆಯ 'ಕೋರ್ಟ್' (2014) ಮುಂದಿನ ಮೆಟ್ಟಿಲು. ನೇರವಾಗಿ 'ಕೋರ್ಟ್' ತೋರಿಸಿದರೆ, ಎಲ್ಲರೂ ಎದ್ದುಹೋದ ನ್ಯಾಯಾಲಯದ ಖಾಲಿ ಕೋಣೆಯನ್ನು ಕ್ಯಾಮೆರಾ ಸುಮ್ಮನೆ ನೋಡುತ್ತ ನಿಲ್ಲುವಲ್ಲಿ "ಟಿವಿ ಹ್ಯಾಂಗ್ ಆತೇನು?" ಎಂಬ ಮಾತು ಬರುತ್ತದೆ. ಬೆಳಗಾವಿ, ನಿಪ್ಪಾಣಿ, ಖಾನಾಪುರ ಕಡೆಯವರಿಗೆ ಮರಾಠಿ ಹೇಗೂ ಕಿವಿಗೆ ಬಿದ್ದಿರುತ್ತದೆ. ಅಡಿಬರಹದ ಹಂಗಿಲ್ಲದೆ ಒಳ್ಳೆಯ ಸಿನಿಮಾದ ಇನ್ನೊಂದು ಭಾಷೆ ಅವರಿಗೆ ತೆರೆದೇ ಇದೆ. ಇದನ್ನು ಬಳಸಿಕೊಳ್ಳದವರೇ ಹೆಚ್ಚು.

ಎರಡನೆಯ ಪ್ರಶ್ನೆಗೆ ಸೆನ್ಸಾರ್ ಪ್ರಮಾಣಪತ್ರವೊಂದೇ ಉತ್ತರವಾಗದು. 2023ರ ತಿದ್ದುಪಡಿಯ ನಂತರ ಚಿತ್ರಮಂದಿರದ ಸಿನಿಮಾಗಳಿಗೆ ಯುಎ 7+, 13+, 16+ ಎಂಬ ವಿಂಗಡಣೆ ಬಂದಿದೆ. ಓಟಿಟಿಗೆ ನೇರವಾಗಿ ಬರುವ ಸಾಕ್ಷ್ಯಚಿತ್ರಗಳಿಗೆ ವಯಸ್ಸಿನ ಗುರುತು ಹಾಕುವುದು ಆ ಓಟಿಟಿ ಸಂಸ್ಥೆಯೇ. ಪ್ರಾಣಿಯ ಸಾವು, ಹೆಣ, ಆತ್ಮಹತ್ಯೆ, ಜಾತಿ ಬೈಗುಳ, ಇವು ಎಷ್ಟನೆಯ ನಿಮಿಷದ ಸುಮಾರಿಗೆ ಬರುತ್ತವೆ ಎಂದು ಮೊದಲೇ ನೋಡಿ ತಿಳಿದುಕೊಂಡಿರಬೇಕು. ತಾನು ಪೂರ್ತಿ ನೋಡದ ಸಿನಿಮಾವನ್ನು ಹಿರಿಯರು, ಮಕ್ಕಳು ಕೂಡಿರುವ ಮನೆಗೆ ಹೇಳಲೇಬಾರದು.

ಮೂರನೆಯದಕ್ಕೆ ಕಾಲವೂ ಸೇರುತ್ತದೆ. ಕಬ್ಬಿನ ಹಂಗಾಮು ಶುರುವಾದರೆ ನವೆಂಬರಿನಿಂದ ಮುಂದಿನ ನಾಲ್ಕೈದು ತಿಂಗಳು ಕಬ್ಬಿನ ಮನೆಗಳಲ್ಲಿ ಎರಡು ತಾಸಿನ ಸಿನಿಮಾಗೆ ಪುರಸೊತ್ತು ಇರುವುದಿಲ್ಲ. ಆಗ ನಲವತ್ತು ನಿಮಿಷದೊಳಗಿನದೇ ಸರಿ.

ಯಾವ ಹೆಸರು, ಯಾರಿಗೆ

ಸಾಕ್ಷ್ಯಚಿತ್ರವೆಂದರೆ ಶಾಲೆಯ ಪಾಠ ಎಂದುಕೊಂಡವರಿಗೆ ಮೊದಲ ಹೆಸರು 'ದಿ ಎಲಿಫೆಂಟ್ ವಿಸ್ಪರರ್ಸ್' (2022). ನಲವತ್ತು ನಿಮಿಷದ ಆಸುಪಾಸು, ಮುದುಮಲೈ ಕಾಡಿನ ಬೊಮ್ಮನ್, ಬೆಳ್ಳಿ ದಂಪತಿ ಮತ್ತು ಆನೆ ಮರಿ. ಮಕ್ಕಳಿಂದ ಅಜ್ಜಿಯವರೆಗೆ ಯಾರೂ ಮೇಲೇಳುವುದಿಲ್ಲ. ಇದಕ್ಕೆ ಆಸ್ಕರ್ ಬಂದದ್ದು ನಿಜ, ಆದರೆ ಹೇಳುವಾಗ ಅದನ್ನು ಮುಂದೆ ಮಾಡಬೇಡಿ. ಪ್ರಶಸ್ತಿಯ ಹೆಸರು ಕೇಳಿ ಕೂತವರು ಪ್ರತಿ ದೃಶ್ಯದಲ್ಲೂ "ಇದಕ್ಕ ಯಾಕ ಕೊಟ್ರು" ಎಂದು ಲೆಕ್ಕ ಹಾಕುತ್ತಾರೆ.

ರಬಕವಿ-ಬನಹಟ್ಟಿ, ಇಳಕಲ್ಲು, ಗುಳೇದಗುಡ್ಡದ ನೇಕಾರ ಮನೆಗಳಿಗೆ 'ಸೂಪರ್‌ಮೆನ್ ಆಫ್ ಮಾಲೆಗಾಂವ್' ಬಿಟ್ಟು ಬೇರೆ ಹೆಸರು ಮೊದಲು ಹೇಳುವುದು ತಪ್ಪೇ ಸರಿ. ಮಹಾರಾಷ್ಟ್ರದ ಮಾಲೆಗಾಂವ್ ಪಟ್ಟಣದಲ್ಲಿ ಪವರ್‌ಲೂಮ್ ನಡೆಸುವ, ಅದರಲ್ಲೇ ದುಡಿಯುವ ಜನ ಕೈಗೆ ಸಿಕ್ಕ ಸಾಮಾನಿನಲ್ಲಿ ತಮ್ಮದೇ ಸೂಪರ್‌ಮ್ಯಾನ್ ಸಿನಿಮಾ ಮಾಡುವ ಕಥೆ ಇದು, ನಿರ್ದೇಶಕಿ ಫೈಜಾ ಅಹ್ಮದ್ ಖಾನ್. ನಗೆ ತುಂಬಿದೆ, ನಡುವೆ ಮಗ್ಗದ ಸದ್ದೂ ಕೇಳುತ್ತದೆ. ಇದನ್ನು ನೋಡಿದ ಮೇಲೆ, ಇದೇ ಜನರ ಬದುಕಿನ ಮೇಲೆ ಮಾಡಿದ, 2025ರಲ್ಲಿ ತೆರೆಕಂಡ 'ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್' ತೋರಿಸಿ. ನಿಜದ ಮನುಷ್ಯರನ್ನು ಮೊದಲು ನೋಡಿ ಆಮೇಲೆ ನಟರನ್ನು ನೋಡಿದರೆ ಸಾಕ್ಷ್ಯಚಿತ್ರಕ್ಕೂ ಕಥಾಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಬೇರೆ ವಿವರಿಸಬೇಕಾಗುವುದಿಲ್ಲ. ಕ್ರಮ ತಿರುಗಿಸಿದರೆ ಮಾತ್ರ ಸಾಕ್ಷ್ಯಚಿತ್ರ ಸಪ್ಪೆ ಅನ್ನಿಸುತ್ತದೆ.

ಜಾತ್ರೆಯ ಟೆಂಟ್ ಟಾಕೀಸು ನೆನಪಿರುವ ಹಿರಿಯರಿಗೆ 'ದಿ ಸಿನೆಮಾ ಟ್ರಾವೆಲರ್ಸ್' (2016). ಮಹಾರಾಷ್ಟ್ರದ ಜಾತ್ರೆಗಳಲ್ಲಿ ಲಾರಿಯ ಮೇಲೆ ಪ್ರೊಜೆಕ್ಟರ್ ಹೊತ್ತು ತಿರುಗುವ ಸಂಚಾರಿ ಚಿತ್ರಮಂದಿರಗಳ ಕೊನೆಯ ದಿನಗಳನ್ನು ಶರ್ಲಿ ಅಬ್ರಹಾಂ, ಅಮಿತ್ ಮಧೇಶಿಯಾ ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದ್ದಾರೆ. ಫ್ರಾನ್ಸಿನ ಕಾನ್ ಉತ್ಸವದಲ್ಲಿ ವಿಶೇಷ ಮನ್ನಣೆ ಪಡೆದ ಚಿತ್ರ. ಮನೆಯಲ್ಲಿ ಸುಲಭವಾಗಿ ಸಿಗದು, ಉತ್ಸವದಲ್ಲಿ ಹೆಸರು ಕಂಡರೆ ಬಿಡಬಾರದು.

ಸಂಗೀತದ ಮನೆಗಳಿಗೆ ಬೇರೆ ದಾರಿ. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಅವರ ಮೇಲೆ ಜಬ್ಬಾರ್ ಪಟೇಲ್ 'ಹಂಸ ಅಕೇಲಾ' ಮಾಡಿದ್ದಾರೆ, ಭೀಮಸೇನ ಜೋಶಿಯವರ ಮೇಲೆ ಗುಲ್ಜಾರ್ ಒಂದು ಚಿತ್ರ ಮಾಡಿದ್ದಾರೆ. ಇವುಗಳ ನಂತರ ತಮ್ಹಾಣೆಯ 'ದಿ ಡಿಸೈಪಲ್' (2020) ಎಂಬ ಕಥಾಚಿತ್ರ ಹೇಳಿ: ಗುರುವಿನಷ್ಟು ಹಾಡಲಾಗದ ಶಿಷ್ಯನ ಬದುಕು ಅದು. ಹಾಡು ಕೇಳುವ ಚಟವಿಲ್ಲದವರಿಗೆ ಇದನ್ನು ಹೇಳಿದರೆ ಅರ್ಧ ತಾಸಿಗೇ ನಿದ್ದೆ ಬರುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕನ್ನಡದಲ್ಲೇ ಬೇಕು ಎಂದವರಿಗೆ, ಅದೂ ನಮ್ಮ ಕಡೆಯ ಮಾತು ಇರಬೇಕು ಎಂದವರಿಗೆ, 'ಶಿವಮ್ಮ ಯರೇಹಂಚಿನಾಳ' (2022) ಮೊದಲು. ಕೊಪ್ಪಳ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಅಡುಗೆ ಮಾಡುವ ಹೆಣ್ಣುಮಗಳು ಪಾರ್ಶ್ವವಾಯು ಬಡಿದ ಗಂಡನ ಆರೈಕೆಗೆಂದು ನೆಟ್‌ವರ್ಕ್ ಮಾರ್ಕೆಟಿಂಗ್ ಪುಡಿ ಮಾರಲು ಹೊರಡುತ್ತಾಳೆ. ಅಂಥ ಪುಡಿ ಡಬ್ಬಿ ಒಂದಾದರೂ ಇಲ್ಲದ ಓಣಿ ನಮ್ಮಲ್ಲಿಲ್ಲ, ಹಾಗಾಗಿ ಕತೆ ನೇರ ಮನೆಯೊಳಕ್ಕೆ ಬರುತ್ತದೆ. ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಚಿತ್ರ. ಟಿ. ಎಸ್. ನಾಗಾಭರಣರ 'ನಾಗಮಂಡಲ' (1997) ಹಾಡಿನ ಸಲುವಾಗಿಯೇ ಎಲ್ಲರಿಗೂ ಹತ್ತುತ್ತದೆ. ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ' (2010) ಅಮರೇಶ ನುಗಡೋಣಿಯವರ ಕತೆ ಆಧರಿಸಿದ್ದು. ಅದರಲ್ಲಿ ಒಂದೇ ಘಟನೆ ಎರಡು ಕಡೆಯಿಂದ ಬರುತ್ತದೆ. "ಮತ್ತ ಮೊದಲಿಂದ ಶುರು ಆತು, ಫೈಲ್ ಕೆಟ್ಟದ" ಎಂದು ಬಂದ್ ಮಾಡುವವರಿರುತ್ತಾರೆ. ಮೊದಲೇ ಒಂದು ಮಾತು ಹೇಳಿರಿ.

ಬಾಗಲಕೋಟೆ ನವನಗರದ ಮನೆಗಳಿಗೆ ಕಾಸರವಳ್ಳಿಯವರ 'ದ್ವೀಪ' (2002) ಸೂಚಿಸುವುದಾದರೆ ರಾತ್ರಿ ಹತ್ತಕ್ಕೆ ಶುರು ಮಾಡಿಸಬೇಡಿ. ಅಣೆಕಟ್ಟಿನ ನೀರು ಏರಿ ಮನೆ ಬಿಡಬೇಕಾದವರ ಕತೆ ಅದು, ಮೂಲ ನಾ. ಡಿಸೋಜರ ಕಾದಂಬರಿ, ಊರು ಮಲೆನಾಡಿನದು. ಆಲಮಟ್ಟಿ ಹಿನ್ನೀರಿಗೆ ಹಳೆಯ ಪೇಟೆಯ ಓಣಿಗಳನ್ನು ಬಿಟ್ಟುಕೊಟ್ಟವರಿಗೆ ಅದು ಮಲೆನಾಡಿನ ಕತೆಯಾಗಿ ಉಳಿಯುವುದಿಲ್ಲ. ಸಿನಿಮಾ ಮುಗಿದ ಮೇಲೆ ಪರಿಹಾರದ ಮಾತು, ಮುಳುಗಿದ ಗುಡಿಯ ಮಾತು, ಯಾರ ಮನೆ ಎಲ್ಲಿತ್ತು ಎಂಬ ಮಾತು ಒಂದು ತಾಸು ನಡೆಯುತ್ತದೆ. ಸಂಜೆ ಆರಕ್ಕೆ ಹಚ್ಚಿದರೆ ಊಟದ ತನಕ ಅದಕ್ಕೆ ಜಾಗವಿರುತ್ತದೆ.

ರೈತರ ವಿಷಯ ಬೇಕೆಂದವರಿಗೆ ಪತ್ರಕರ್ತ ಪಿ. ಸಾಯಿನಾಥ್ ಅವರನ್ನು ಹಿಂಬಾಲಿಸಿದ ದೀಪಾ ಭಾಟಿಯಾ ಅವರ 'ನೀರೋಸ್ ಗೆಸ್ಟ್ಸ್' (2009), ಒಂದು ತಾಸಿನೊಳಗಿನದು. ವಿದರ್ಭದ ಆತ್ಮಹತ್ಯೆಗಳ ಮೇಲಿನ ಚಿತ್ರ. ಹತ್ತಿರದಲ್ಲಿ ಅಂಥ ಸಾವು ಕಂಡ ಮನೆಗೆ ಕೇಳದೆ ತೋರಿಸಬಾರದು. 'ಆಲ್ ದಟ್ ಬ್ರೀದ್ಸ್' (2022) ನಮ್ಮ ಕಾಲದ ದೊಡ್ಡ ಭಾರತೀಯ ಸಾಕ್ಷ್ಯಚಿತ್ರಗಳಲ್ಲಿ ಒಂದು, ಆದರೆ ನಿಧಾನದ್ದು, ನಾಲ್ಕನೆಯದಾಗಿಯೋ ಐದನೆಯದಾಗಿಯೋ ಹೇಳಿ. ಕಡಿಮೆ ಮಾತಿನದು ಬೇಕೆಂದರೆ ಫ್ರಾನ್ಸಿನ 'ದಿ ರೆಡ್ ಬಲೂನ್' (1956), 34 ನಿಮಿಷ. ಕನ್ನಡದ ಜಾನಪದ ಕತೆ ಆಧರಿಸಿದ ಕಿರುಚಿತ್ರ ಬೇಕೆಂದರೆ ಚಿದಾನಂದ ನಾಯ್ಕರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ', 16 ನಿಮಿಷ, 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದದ್ದು.

ಹೆಸರು ಹೇಳುವ ದಿನವೇ ಅದು ಎಲ್ಲಿ ಸಿಗುತ್ತದೆ ಎಂದು ನೋಡಿ. ಹಕ್ಕಿನ ಅವಧಿ ಮುಗಿದೊಡನೆ ಚಿತ್ರಗಳು ಓಟಿಟಿಯಿಂದ ಇಳಿಯುತ್ತವೆ. ಜಸ್ಟ್‌ವಾಚ್ ತಾಣದಲ್ಲಿ ದೇಶ ಭಾರತ ಎಂದು ಆರಿಸಿ ಹೆಸರು ಹಾಕಿದರೆ ಇವತ್ತಿನ ಸ್ಥಿತಿ ಗೊತ್ತಾಗುತ್ತದೆ. ದುಡ್ಡಿಲ್ಲದೆ ನೋಡಲು ಸರಕಾರದ ಫಿಲ್ಮ್ಸ್ ಡಿವಿಜನ್ ಮತ್ತು ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ಎಂಬ ಪಿಎಸ್‌ಬಿಟಿಯ ಯೂಟ್ಯೂಬ್ ಚಾನೆಲ್‌ಗಳಲ್ಲಿ ಸಾಕ್ಷ್ಯಚಿತ್ರಗಳ ರಾಶಿಯೇ ಇದೆ, ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರಿಂದ ಇದೆ. ಹಳೆಯ ಕನ್ನಡ ಚಿತ್ರಗಳ ಯೂಟ್ಯೂಬ್ ಪ್ರತಿಗಳ ಬಗ್ಗೆ ಮಾತ್ರ ಎಚ್ಚರ: ಎಷ್ಟೋ ಪ್ರತಿಗಳು ಕತ್ತರಿಸಿದವು, ಚೌಕ ಚಿತ್ರವನ್ನು ಅಗಲಕ್ಕೆ ಎಳೆದವು.

ಮನೆಯ ಟಿವಿಯಲ್ಲಿ ಕೆಡುವುದು

ಎಷ್ಟೋ ಸಲ ಸಿನಿಮಾ ಹಿಡಿಸದೆ ಹೋಗುವುದು ಟಿವಿಯ ಸೆಟ್ಟಿಂಗಿನಿಂದ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಲೆಕ್ಕದ್ದು. ಹೊಸ ಟಿವಿಗಳು ನಡುವೆ ತಾವೇ ಚೌಕಟ್ಟು ಹುಟ್ಟಿಸಿ ತುಂಬುತ್ತವೆ, ಆಗ ಎಲ್ಲವೂ ಧಾರಾವಾಹಿಯಂತೆ ಜಾರುತ್ತದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ ಅಥವಾ ಆಟೊ ಮೋಷನ್ ಪ್ಲಸ್ ಎಂಬ ಹೆಸರಿನಲ್ಲಿರುತ್ತದೆ; ಆಫ್ ಮಾಡಿ. ಚಿತ್ರದ ಮೋಡ್ 'ವಿವಿಡ್' ಇದ್ದರೆ 'ಸಿನೆಮಾ' ಅಥವಾ 'ಫಿಲ್ಮ್‌ಮೇಕರ್'ಗೆ ಬದಲಿಸಿ. ಹಳೆಯ ಚೌಕ ಚಿತ್ರಗಳಿಗೆ ಎರಡೂ ಬದಿ ಕಪ್ಪು ಪಟ್ಟಿ ಇರಲೇಬೇಕು. ಝೂಮ್ ಹಾಕಿದರೆ ತಲೆ ಕತ್ತರಿಸುತ್ತದೆ, ಅಡಿಬರಹವೂ ಹೋಗುತ್ತದೆ.

ಮಾತು ಕೇಳುವುದಿಲ್ಲ, ಹಿನ್ನೆಲೆ ಸಂಗೀತ ಮಾತ್ರ ಬಡಿಯುತ್ತದೆ ಎಂಬ ದೂರಿಗೆ ಕಾರಣ ಆರು ಸ್ಪೀಕರಿಗೆಂದು ಮಾಡಿದ 5.1 ಧ್ವನಿ. ಟಿವಿಯ ಎರಡು ಸ್ಪೀಕರಿಗೆ ಅದನ್ನು ಇಳಿಸುವಾಗ ಮಾತಿನ ನಡು ಚಾನೆಲ್ ಕುಗ್ಗುತ್ತದೆ. ಆಡಿಯೊ ಆಯ್ಕೆಯಲ್ಲಿ ಸ್ಟೀರಿಯೊ ಇದ್ದರೆ ಅದನ್ನೇ ಹಾಕಿ. ಕೂರುವ ದೂರ ಪರದೆಯ ಕರ್ಣದ ಒಂದೂವರೆ ಪಟ್ಟಿನ ಸುಮಾರು: 43 ಇಂಚಿಗೆ ಐದೂವರೆ ಅಡಿ. ನಮ್ಮ ಪಡಸಾಲೆಗಳಲ್ಲಿ ಹನ್ನೆರಡು ಅಡಿ ಆಚೆ ಗೋಡೆಗೆ ಒರಗಿ ಕೂರುವುದೇ ರೂಢಿ. ಅಲ್ಲಿಂದ ಅಡಿಬರಹ ಓದಲಾಗದು, ಮುಂದೆ ಬರಬೇಕು.

ಇಂಟರ್‌ನೆಟ್: ಎಚ್‌ಡಿ ಸಿನಿಮಾ ತಾಸಿಗೆ 3 ಜಿಬಿ ತನಕ ತಿನ್ನುತ್ತದೆ, ಸಾಧಾರಣ ಗುಣಮಟ್ಟ 1 ಜಿಬಿ. ದಿನಕ್ಕೆ ಒಂದೂವರೆ ಎರಡು ಜಿಬಿಯ ಪ್ಯಾಕಿನವರಿಗೆ ಎಚ್‌ಡಿಯಲ್ಲಿ ಹೇಳಿದರೆ ಮಧ್ಯಂತರಕ್ಕೆ ಮುಂಚೆಯೇ ನಿಲ್ಲುತ್ತದೆ. ಹಿಂದಿನ ರಾತ್ರಿ ಡೌನ್‌ಲೋಡ್ ಮಾಡಿಡಲು ಹೇಳಿ, ಅವಧಿ ಮುಗಿಯುವ ಮುಂಚೆ ನೋಡಲೂ ಹೇಳಿ.

ಅಡಿಬರಹ

ಇಂಗ್ಲಿಷ್ ಅಡಿಬರಹ ಓದಬಲ್ಲವರೂ ಸಿನಿಮಾದ ವೇಗಕ್ಕೆ ಓದಲಾರರು. ಪರಭಾಷೆ ಚಿತ್ರ ಸೂಚಿಸುವ ಮುನ್ನ ಹತ್ತು ನಿಮಿಷ ನೋಡಿ ಮಾತು ಎಷ್ಟಿದೆ ಎಂದು ಅಂದಾಜು ಮಾಡಿ. ಅಬ್ಬಾಸ್ ಕಿಯರೋಸ್ತಮಿಯ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್' (1987), ಮಜೀದ್ ಮಜಿದಿಯ 'ಚಿಲ್ಡ್ರನ್ ಆಫ್ ಹೆವನ್' (1997) ಇಂಥವುಗಳಲ್ಲಿ ಅರ್ಧ ಓದಿದರೂ ಕತೆ ತಪ್ಪುವುದಿಲ್ಲ: ಒಂದರಲ್ಲಿ ಗೆಳೆಯನ ನೋಟ್‌ಬುಕ್, ಇನ್ನೊಂದರಲ್ಲಿ ಒಂದು ಜೊತೆ ಬೂಟು.

ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಬಳಸುವವರಿಗೆ: ಅಕ್ಷರ ಮಾತಿಗಿಂತ ಮುಂಚೆ ಬಂದರೆ ಎಚ್ ಕೀಲಿ, ತಡವಾಗಿ ಬಂದರೆ ಜಿ ಕೀಲಿ ಒತ್ತುತ್ತ ಹೋಗಿ. ಶುರುವಿನಲ್ಲಿ ಸರಿಯಿದ್ದು ಹೋಗಹೋಗುತ್ತ ದೂರವಾದರೆ ಆ ಅಡಿಬರಹ ಬೇರೆ ಚೌಕಟ್ಟು ವೇಗದ ಪ್ರತಿಗೆ ಮಾಡಿದ್ದು, ಕೀಲಿ ಒತ್ತಿ ಪ್ರಯೋಜನವಿಲ್ಲ, ಬೇರೆ ಕಡತ ಹುಡುಕಿ. ಕನ್ನಡ ಅಡಿಬರಹ ಚೌಕ ಚೌಕವಾಗಿ ಕಂಡರೆ ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ, ಅಕ್ಷರಶೈಲಿ ನೋಟೊ ಸಾನ್ಸ್ ಕನ್ನಡ ಆರಿಸಿ. ಪೆನ್‌ಡ್ರೈವ್ ನೇರವಾಗಿ ಟಿವಿಗೆ ಚುಚ್ಚಿದರೆ ಎಷ್ಟೋ ಟಿವಿಗಳು ಒತ್ತಕ್ಷರ ಒಡೆಯುತ್ತವೆ, ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ತಂತಿಯಲ್ಲಿ ಕೊಡುವುದೇ ಉತ್ತಮ.

ಊರಿನಲ್ಲಿ ನಲವತ್ತು ಜನ ಸೇರಿದರೆ

ಶಾಲೆ, ಗ್ರಂಥಾಲಯ, ಮಠದ ಸಭಾಂಗಣದಲ್ಲಿ ತೋರಿಸುವುದಾದರೆ ಅನುಮತಿ ಮೊದಲ ಕೆಲಸ. ಮನೆಯ ಓಟಿಟಿ ಖಾತೆ ಮನೆಗೆ ಮಾತ್ರ. ನೆಟ್‌ಫ್ಲಿಕ್ಸ್ ತನ್ನ ಕೆಲವು ಸಾಕ್ಷ್ಯಚಿತ್ರಗಳಿಗೆ, ಟಿಕೆಟ್ ಇಲ್ಲದ ಶೈಕ್ಷಣಿಕ ಪ್ರದರ್ಶನಕ್ಕೆ ಒಂದು ಸಲದ ಒಪ್ಪಿಗೆ ಕೊಟ್ಟಿದೆ. ಯಾವುವು ಎಂಬುದು ಆ ಚಿತ್ರದ ಮಾಹಿತಿ ಪುಟದಲ್ಲಿರುತ್ತದೆ. ಸ್ವತಂತ್ರ ನಿರ್ದೇಶಕರಿಗೆ ನೇರವಾಗಿ ಬರೆದು ಕೇಳಿ. ಊರು, ದಿನಾಂಕ, ಎಷ್ಟು ಜನ, ಟಿಕೆಟ್ ಇದೆಯೋ ಇಲ್ಲವೋ, ಈ ನಾಲ್ಕೂ ಮೊದಲ ಪತ್ರದಲ್ಲೇ ಇರಲಿ.

ಪರದೆ ನೂರು ಇಂಚು ಎಂದರೆ ಅಗಲ ಏಳೂಕಾಲು ಅಡಿ, ಎತ್ತರ ನಾಲ್ಕು ಅಡಿ. ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ. ಜನ ಜಮಖಾನದ ಮೇಲೆ ಕೂತಾಗ ಮುಂದಿನವರ ತಲೆಗೆ ಮರೆಯಾಗುವುದು ಅಡಿಬರಹವೇ. ಕತ್ತಲೆ ಕೋಣೆಗೆ 2,000ದಿಂದ 3,000 ಆನ್ಸಿ ಲ್ಯೂಮೆನ್ ಪ್ರೊಜೆಕ್ಟರ್ ಸಾಕು. 'ಆನ್ಸಿ' ಎಂಬ ಮಾತಿಲ್ಲದೆ ಬರೀ 9,000 ಲ್ಯೂಮೆನ್ ಎಂದು ಬರೆದ ಅಗ್ಗದ ಡಬ್ಬಿಗಳನ್ನು ನಂಬಬೇಡಿ. ಸ್ಪೀಕರಿಗೆ ಬ್ಲೂಟೂತ್ ಬೇಡ, ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ, ತಂತಿಯೇ ಇರಲಿ.

ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ನಡೆಯಬೇಕು. ಪ್ರೊಜೆಕ್ಟರ್ 300, ಸ್ಪೀಕರ್ 100, ಲ್ಯಾಪ್‌ಟಾಪ್ 65 ವ್ಯಾಟ್ ಹಿಡಿದರೆ 150 ಎಎಚ್‌ನ ಒಳ್ಳೆಯ ಬ್ಯಾಟರಿ ಎರಡು ತಾಸಿನ ಸುಮಾರು ಎಳೆಯುತ್ತದೆ. ಇನ್ವರ್ಟರ್ ಪ್ಯೂರ್ ಸೈನ್ ಇರಲಿ, ಸ್ಕ್ವೇರ್ ವೇವ್ ಆದರೆ ಸ್ಪೀಕರಿನಲ್ಲಿ ಗುಂಯ್‌ ಎಂಬ ಸದ್ದು ಸೇರುತ್ತದೆ. ದೀಪದ ಪ್ರೊಜೆಕ್ಟರ್ ಬಿಸಿಯಿದ್ದಾಗ ಕರೆಂಟ್ ಹೋದರೆ ತಕ್ಷಣ ಮತ್ತೆ ಹಚ್ಚಬೇಡಿ, ಹತ್ತು ನಿಮಿಷ ತಣಿಯಲಿ. ಬಯಲಲ್ಲಿ ತೋರಿಸುವುದಾದರೆ ಬೇಸಿಗೆಯಲ್ಲಿ ಏಳೂವರೆಗೆ ಮುಂಚೆ ಪರದೆ ಕಾಣುವುದಿಲ್ಲ.

ಉತ್ಸವಕ್ಕೆ ಹೊರಟವರಿಗೆ

ಬೆಳಗಾವಿಯವರಿಗೆ ದೇಶದ ದೊಡ್ಡ ಉತ್ಸವ ಬೆಂಗಳೂರಿಗಿಂತ ಹತ್ತಿರದಲ್ಲಿದೆ. ಭಾರತ ಅಂತರರಾಷ್ಟ್ರೀಯ ಚಿತ್ರೋತ್ಸವ (ಇಫಿ) 2004ರಿಂದ ಗೋವಾದ ಪಣಜಿಯಲ್ಲಿ ನಡೆಯುತ್ತಿದೆ, ಈಚಿನ ವರ್ಷಗಳಲ್ಲಿ ನವೆಂಬರ್ 20ರಿಂದ 28. ಚೋರ್ಲಾ ಘಾಟಿನಲ್ಲಿ ಸುಮಾರು 120 ಕಿ.ಮೀ., ಮೂರು ಮೂರೂವರೆ ತಾಸಿನ ದಾರಿ. ಒಂದೇ ದಿನದಲ್ಲಿ ಹೋಗಿ ಬರುವ ಆಸೆ ಬಿಡಿ: ರಾತ್ರಿ ಪ್ರದರ್ಶನ ಮುಗಿಸಿ ಘಾಟು ಹತ್ತುವುದು ಸರಿಯಲ್ಲ, ಬೇಗ ಹೊರಟರೆ ಎರಡೇ ಸಿನಿಮಾ ಸಿಗುತ್ತವೆ. ಎರಡು ರಾತ್ರಿ ಉಳಿಯಿರಿ. ಪಣಜಿಯಲ್ಲಿ ಕೋಣೆ ದುಬಾರಿಯಾದರೆ ಪರ್ವರಿ, ಮ್ಹಾಪ್ಸಾ ಕಡೆ ನೋಡಿ.

ಪ್ರತಿನಿಧಿ ನೋಂದಣಿ ಉತ್ಸವಕ್ಕೆ ವಾರಗಳ ಮುಂಚೆಯೇ ಆನ್‌ಲೈನಿನಲ್ಲಿ ತೆರೆಯುತ್ತದೆ. ಫೋಟೊ ಗುರುತಿನ ಚೀಟಿಯ ಮೂಲಪ್ರತಿ ಒಯ್ದು ಬ್ಯಾಡ್ಜ್ ಪಡೆಯಬೇಕು. ಬ್ಯಾಡ್ಜ್ ಇದ್ದ ಮಾತ್ರಕ್ಕೆ ಸೀಟು ಇಲ್ಲ; ಪ್ರತಿ ಪ್ರದರ್ಶನಕ್ಕೆ ಮುಂಚಿತವಾಗಿ ಕಾದಿರಿಸಬೇಕು, ದಿನಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಬುಕಿಂಗ್ ತೆರೆಯುವ ಹೊತ್ತಿಗೆ ಫೋನ್ ಕೈಯಲ್ಲಿ ಇರಲಿ, ಹೆಸರು ಮಾಡಿದ ಚಿತ್ರಗಳು ನಿಮಿಷಗಳಲ್ಲಿ ತುಂಬುತ್ತವೆ. ಸಿಗದಿದ್ದರೆ ಖಾಲಿ ಉಳಿದ ಸೀಟಿಗಾಗಿ ರಷ್ ಸಾಲು ಇರುತ್ತದೆ. ಕಾದಿರಿಸಿ ಹೋಗದೆ ಇರುವುದು ರಷ್ ಸಾಲಿನಲ್ಲಿ ನಿಂತವರಿಗೆ ಮಾಡುವ ದ್ರೋಹ, ರದ್ದು ಮಾಡಿರಿ.

ಆಯ್ಕೆಗೆ ನಮ್ಮ ಸಲಹೆ ಬಹಳ ಜನರಿಗೆ ಹಿಡಿಸದು. ಕಾನ್, ವೆನಿಸ್‌ಗಳಲ್ಲಿ ಗೆದ್ದು ಬಂದ ಚಿತ್ರಕ್ಕೆ ಎರಡು ತಾಸು ಸಾಲಿನಲ್ಲಿ ನಿಲ್ಲಬೇಡಿ, ಅವುಗಳಲ್ಲಿ ಬಹಳಷ್ಟು ಕೆಲವು ತಿಂಗಳಲ್ಲಿ ಯಾವುದಾದರೂ ಓಟಿಟಿಗೆ ಬರುತ್ತವೆ. ಮನೆಗೆ ಎಂದೂ ಬಾರದವನ್ನು ಅಲ್ಲಿ ನೋಡಿ: ಭಾರತೀಯ ಚಿತ್ರಗಳ 'ಇಂಡಿಯನ್ ಪನೋರಮಾ'ದಲ್ಲಿನ ಕಥೇತರ ವಿಭಾಗ, ಸಣ್ಣ ದೇಶಗಳ ಮೊದಲ ಚಿತ್ರಗಳು, ಜೀರ್ಣೋದ್ಧಾರ ಮಾಡಿದ ಹಳೆಯ ಚಿತ್ರಗಳು. ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಹಾಗೆ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್‌ನಲ್ಲಿ ತೆರೆಕಂಡಿತು. ಆ ಪ್ರತಿ ಯಾವ ಉತ್ಸವದಲ್ಲಿ ಬಂದರೂ ಬೇರೆಲ್ಲ ಬಿಟ್ಟು ಅದಕ್ಕೆ ಹೋಗಿ.

ದಿನಕ್ಕೆ ಮೂರು ಸಿನಿಮಾ ಸಾಕು. ಐದು ನೋಡಿದವರಿಗೆ ಮರುದಿನ ಯಾವ ಕತೆ ಯಾವ ದೇಶದ್ದೆಂದು ನೆನಪಿರುವುದಿಲ್ಲ. ಎರಡರ ನಡುವೆ ಮುಕ್ಕಾಲು ತಾಸಾದರೂ ಬಿಡಿ, ನಿರ್ದೇಶಕರ ಜೊತೆಗಿನ ಪ್ರಶ್ನೋತ್ತರ ವೇಳಾಪಟ್ಟಿಯಲ್ಲಿ ಕಾಣಿಸುವುದಿಲ್ಲ, ಆದರೆ ಇಪ್ಪತ್ತು ನಿಮಿಷ ತಿನ್ನುತ್ತದೆ.

ವಿಜಯಪುರ, ಬಾಗಲಕೋಟೆಯವರಿಗೆ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವವೇ ಸಲೀಸು. ಗೋಲಗುಂಬಜ್ ಎಕ್ಸ್‌ಪ್ರೆಸ್ ಎರಡೂ ಊರು ಮುಟ್ಟಿ ಹೋಗುತ್ತದೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಈ ಉತ್ಸವದ ದಿನಾಂಕ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಪ್ರಕಟವಾಗುವ ಮುನ್ನ ರಜೆ ಹಾಕಬೇಡಿ. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ, ಫಿಲ್ಮ್ ಸೊಸೈಟಿ ಸದಸ್ಯರಿಗೆ ಶುಲ್ಕ ಕಡಿಮೆ, ದಾಖಲೆ ಜೊತೆಗಿರಲಿ. ಕನ್ನಡ ಸ್ಪರ್ಧಾ ವಿಭಾಗವನ್ನು ಮೊದಲು ನೋಡಿ, ಅಲ್ಲಿ ಕಾಣುವ ಕೆಲವು ಚಿತ್ರಗಳು ನಮ್ಮ ಜಿಲ್ಲೆಗಳ ಚಿತ್ರಮಂದಿರಕ್ಕೆ ಬರುವುದೇ ಇಲ್ಲ. ಸಾಕ್ಷ್ಯಚಿತ್ರವೇ ಬೇಕೆಂದವರಿಗೆ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ. 1990ರಲ್ಲಿ ಶುರುವಾದ ಅದು ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಅದು ಪೂರ್ತಿ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್‌ಗೆ ಮೀಸಲು.

ಉತ್ಸವದಿಂದ ಬಂದವರು ನೋಡಿದ ಒಂಬತ್ತರ ಪಟ್ಟಿಯನ್ನೂ ಎಲ್ಲರಿಗೂ ಕಳಿಸುತ್ತಾರೆ. ಅದರ ಬದಲು ಪ್ರತಿ ಚಿತ್ರದ ಹೆಸರು, ನಿರ್ದೇಶಕ, ದೇಶ, ಎಷ್ಟು ನಿಮಿಷ, ಊರಿನಲ್ಲಿ ಇದು ಯಾರಿಗೆ ಹಿಡಿಸೀತು ಎಂದು ಅಲ್ಲೇ ಬರೆದಿಟ್ಟುಕೊಳ್ಳಿ. ಆ ಚಿತ್ರ ಓಟಿಟಿಗೆ ಬಂದ ದಿನ ಆ ಒಬ್ಬರಿಗೆ ಮಾತ್ರ ಕಳಿಸಿ. ನಾಲ್ಕು ದಿನ ಬಿಟ್ಟು "ಹೆಂಗಿತ್ತು?" ಎಂದು ಕೇಳುವುದಕ್ಕಿಂತ "ಎಲ್ಲೀ ತನಕ ನೋಡಿದ್ರಿ?" ಎಂದು ಕೇಳಿ, ಎಲ್ಲಿ ನಿಲ್ಲಿಸಿದರು ಎಂಬುದರಿಂದ ಮುಂದಿನ ಹೆಸರು ಸಿಗುತ್ತದೆ.